ನಾನಿದ್ದ ಮೂರು ನಿಮಿಷ

ಮಂಗಳೂರಿನ ಹುಡುಗಿಯಾಗಿದ್ದಾಗ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆಯ ಅಗ್ಗದ ಹಾಸ್ಯಚಿತ್ರವೊಂದರಲ್ಲಿ ಮೂರು ನಿಮಿಷ ನರ್ಸ್ ಆಗಿದ್ದೆ. ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ, ಯಾರಾದರೂ ಗುರುತು ಹಿಡಿದಾರೆಂದು ನಲವತ್ತು ವರ್ಷ ತಲೆಯ ಮೇಲಿನ ಸೆರಗು ಇಳಿಸಲಿಲ್ಲ.

ಮೊನ್ನೆ ಕೂಡ್ಲಿಗಿಯಿಂದ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಮುದುಕರು, ತಾವು ಹರಪನಹಳ್ಳಿಯ ಟೆಂಟಿನಲ್ಲಿ ರೀಲು ಓಡಿಸುತ್ತಿದ್ದವರೆಂದರು. ಮೂರು ವಾರ ತುಂಬಿ ಓಡಿದ ಚಿತ್ರವೆಂದು ನಾನಿದ್ದ ಆ ಚಿತ್ರದ ಹೆಸರನ್ನೇ ಹೇಳಿದರು.

“ಅದರಾಗ ಒಂದು ನರ್ಸ್ ಸೀನ್ ಇತ್ತಲ್ರಿ?” ಎಂದೆ, ಎದೆ ಗಟ್ಟಿಮಾಡಿಕೊಂಡು.

“ಇತ್ರಿ ಅಮ್ಮ. ಬ್ಯಾರೆ ಪಿಕ್ಚರಿನ ಸ್ನಾನದ ಬಿಟ್ ಸೇರ್ಸಾಕ ಜಾಗ ಬೇಕಿತ್ತು. ಮೊದಲನೇ ದಿನಾನ ಆ ನರ್ಸ್ ಸೀನ್ ಕತ್ತರಿಸಿ ಒಗದೆ. ಈ ಕಡೆ ಎಲ್ಲಾ ಊರಿಗೂ ಅದಾ ಪ್ರಿಂಟು.”

“ಹಂಗಾದ್ರ ಯಾರೂ ನೋಡಲಿಲ್ಲ?”

“ನಾನೊಬ್ಬ ನೋಡೀನಿ. ನಗು ಬರಲಿಲ್ಲ.”

ಕೊಟ್ಟೂರು ಬರುವವರೆಗೂ ನಾನು ಅವರೊಡನೆ ಮಾತಾಡಲಿಲ್ಲ. ಆ ದೃಶ್ಯವನ್ನು ನಿರ್ದೇಶಕರು ಒಂದೇ ಟೇಕಿಗೆ ಓಕೆ ಮಾಡಿದ್ದರು.