ಶರಣಮ್ಮ ತೋರಿಸದ ಬಾಯಿ

ಮಾದನಹಿಪ್ಪರಗಾಕ್ಕೆ ಬಂದ ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದವಳು ಹೌಹಾರಿದೆ. ನಾನು ಬಾಡಿಗೆ ಹಿಡಿದ ಮನೆಯ ಒಡತಿ ಶರಣಮ್ಮನೂ ಅವರ ಸೊಸೆಯೂ ಕಲ್ಲಿನ ಮೇಲೆ ಕುಳಿತು ಕಪ್ಪು ಪುಡಿಯನ್ನು ಒಸಡಿಗೆ ತಿಕ್ಕುತ್ತಿದ್ದರು. ತುಟಿ, ಹಲ್ಲು, ಉಗುಳು ಎಲ್ಲ ಕಪ್ಪು. ನನ್ನನ್ನು ಕಂಡದ್ದೇ ಶರಣಮ್ಮ ಡಬ್ಬಿ ಚಾಚಿದರು.

"ತಗೋರಿ ಅಕ್ಕಾರ, ಚೂರು ಹಚ್ಕೋರಿ. ಹಲ್ಲು ಗಟ್ಟಿ ಆಗ್ತಾವ."

ಅದು ಮಿಶ್ರಿ, ತಂಬಾಕನ್ನು ಹಂಚಿನ ಮೇಲೆ ಕರಿಕಾಗಿಸಿ ಅರೆದ ಪುಡಿ. ಕುಂದಾಪುರದಿಂದ ಅಷ್ಟು ದೂರಕ್ಕೆ ಸರ್ಕಾರ ನನ್ನನ್ನು ಕಳಿಸಿದ್ದಾದರೂ ಹಲ್ಲಿನ ಡಾಕ್ಟರಾಗಿ! ಎಂಬತ್ತರ ದಶಕದ ಆ ದಿನಗಳಲ್ಲಿ ಅಲ್ಲಿನವರಿಗೆ ಹಲ್ಲುನೋವು ಬಂದರೆ ಗುಲ್ಬರ್ಗದ ಬಸ್ಸು ಹಿಡಿಯಬೇಕಿತ್ತು, ಇಲ್ಲವೇ ಮಿಶ್ರಿ ತಿಕ್ಕಬೇಕಿತ್ತು. ತಿಕ್ಕಿದರೆ ಬಾಯಿ ಜೋಮು ಹಿಡಿಯುತ್ತದೆ. ಹಾಗಾಗಿ ನೋವು ಹೆಚ್ಚಿದಷ್ಟೂ ತಿಕ್ಕುವುದೂ ಹೆಚ್ಚು.

ದವಾಖಾನಿ, ಅಂದರೆ ನಮ್ಮ ಆಸ್ಪತ್ರೆ, ಒಂದು ಕೋಣೆಯದು. ಒಂದು ಕಬ್ಬಿಣದ ಕುರ್ಚಿ, ಕುದಿಸಿಟ್ಟ ಇಕ್ಕಳಗಳು. ಮೊದಮೊದಲು ಯಾರೂ ಬರಲಿಲ್ಲ. ಬಂದವರೂ ಕುರ್ಚಿಗೆ ಕೂರುವ ಮೊದಲೇ "ಕಿತ್ತೇ ಬಿಡ್ರಿ" ಎನ್ನುತ್ತಿದ್ದರು. ಉಳಿಸಬಹುದು ಎಂದರೆ ನನಗೆ ಕೀಳಲು ಬರುವುದಿಲ್ಲವೇನೋ ಎಂಬ ಅನುಮಾನ ಅವರಿಗೆ. ಹೆಣ್ಣು ಡಾಕ್ಟರೆಂದು ತಿಳಿದ ಮೇಲೆ ಹೆಂಗಸರು ಸೆರಗು ಸರಿಸಿ ಬಾಯಿ ತೆರೆದರು. ಕೆಲವರು ಮಿಶ್ರಿ ಬಿಟ್ಟರು ಕೂಡ.

ಶರಣಮ್ಮ ಮಾತ್ರ ಬರಲಿಲ್ಲ. ಕುಚ್ಚಲಕ್ಕಿ ಗಂಜಿ ನೆನೆದು ಅಳುತ್ತಿದ್ದ ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರೇ. ನನ್ನ ಮೊದಲ ರೊಟ್ಟಿ ಆಳಂದ ತಾಲ್ಲೂಕಿನ ನಕಾಶೆಯಂತಾದಾಗ ಇಡೀ ಓಣಿಗೆ ತೋರಿಸಿ ನಕ್ಕವರೂ ಅವರೇ. ಕಟಕ್ ಎಂದು ಮುರಿಯುವ ಒಣ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ ಇಲ್ಲದೆ ಉಣ್ಣದಿದ್ದ ಆ ಹೆಂಗಸು ಬರಬರುತ್ತ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಂದೇ ದವಡೆಯಲ್ಲಿ ನುರಿಸತೊಡಗಿದರು. ಬಾಯಲ್ಲಿ ಏನೋ ಆಗಿದೆ ಎಂದು ತಿಳಿಯಲು ನನಗೆ ಅಷ್ಟು ಸಾಕಾಗಿತ್ತು.

"ಬಾಯಿ ತೋರಿಸಿ" ಎಂದೆ.

"ವಯಸ್ಸಾತಲ್ರಿ, ಅದಕ್ಕ."

ಬಿಡದೆ ಕಾಡಿದೆ. ಕೊನೆಗೆ ಸಿಟ್ಟಿಗೆದ್ದರು. "ನೀವು ನನ್ನ ಕೈಲೆ ಉಂಡೀರಿ, ಮನಿ ಮಗಳಾಗೀರಿ. ಮಗಳ ಕೈಗೆ ನನ್ನ ಎಂಜಲ ಹಚ್ಚಲೇನು? ಶಿವ ಮೆಚ್ಚತಾನೇನ್ರಿ?"

"ದಿನವೂ ಊರಿನವರ ಎಂಜಲು ಮುಟ್ಟುತ್ತೇನಲ್ಲಾ!"

"ಅವ್ರು ಮಂದಿರಿ. ನಾವು ಮನಿಯವ್ರು."

ಒಣ ಸೀಮೆಯಲ್ಲಿ ಒಬ್ಬಂಟಿಯಾಗಿ ಬಿದ್ದಿದ್ದ ನನಗೆ ಆ ಮಾತು ಕೇಳಿ ಸಂಕಟದ ನಡುವೆಯೂ ಹಿಗ್ಗಾಯಿತು. ಗುಲ್ಬರ್ಗಕ್ಕಾದರೂ ಹೋಗೋಣ ಎಂದರೆ, "ಹೊಲದಾಗ ಕೆಲಸ ನಡ್ಯಾಕತ್ತದ, ರಾಶಿ ಆಗ್ಲಿ" ಎಂದರು. ಕಣದಲ್ಲಿ ಜೋಳದ ರಾಶಿ ಮುಗಿಯಿತು. ಆಮೇಲೆ ಸೊಸೆಯ ಬಾಣಂತನ ಬಂತು.

ಅಷ್ಟರಲ್ಲಿ ನನಗೆ ಜೇವರ್ಗಿಗೆ ವರ್ಗವಾಯಿತು. ಬಸ್ಸಿಗೆ ಕಾಯುತ್ತಿದ್ದಾಗ ರೊಟ್ಟಿಯ ಗಂಟು ಹಿಡಿದು ಬಂದ ಶರಣಮ್ಮ, ಅದನ್ನು ನನ್ನ ಮಡಿಲಿಗೆ ಹಾಕಿ ಸೆರಗು ಸರಿಸಿದರು.

"ಇನ್ನ ನೀವು ಪರ ಊರಿನವ್ರಾದ್ರಿ. ಈಗ ನೋಡ್ರಿ."

ರಸ್ತೆಯ ಬದಿಯ ಬಿಸಿಲಲ್ಲಿ ನೋಡಿದೆ. ಕೆನ್ನೆಯ ಒಳಗೆ, ಮಿಶ್ರಿ ತಿಕ್ಕುವ ಕಡೆಯೇ, ಅಂಚು ಕಲ್ಲಾದ ಹುಣ್ಣು. ಮಿಶ್ರಿಯ ಜೋಮಿಗೋ ಏನೋ, ಬೆರಳಿಟ್ಟರೆ ನೋವೂ ಇಲ್ಲವೆಂದರು. ಉಟ್ಟ ಸೀರೆಯಲ್ಲೇ ಅವರನ್ನು ಬಸ್ಸು ಹತ್ತಿಸಿ ಗುಲ್ಬರ್ಗಕ್ಕೆ ಕರೆದೊಯ್ದೆ. ದೊಡ್ಡ ಡಾಕ್ಟರು ನೋಡಿ, ನನ್ನನ್ನು ಹೊರಗೆ ಕರೆದು, "ಕ್ಯಾನ್ಸರು ಹಬ್ಬಿದೆ. ಹಲ್ಲಿನ ಡಾಕ್ಟರು ಮನೆಯಲ್ಲೇ ಇದ್ದು ಇಷ್ಟು ತಡವೇಕೆ?" ಎಂದರು. ಮುಂದಿನ ಸುಗ್ಗಿಗೆ ಶರಣಮ್ಮ ಇರಲಿಲ್ಲ. ನಾನು ಬಿಟ್ಟು ಬಂದ ಕುರ್ಚಿಗೂ ಇನ್ನೂ ಬೇರೆ ಡಾಕ್ಟರು ಯಾರೂ ಬಂದಿಲ್ಲವಂತೆ.

ನಾನು ಈ ಕಡೆಯೇ ಉಳಿದೆ. ಕುಂದಾಪುರಕ್ಕೆ ಹೋದರೆ ಅಮ್ಮ ನನ್ನ ಮಾತು ಕೇಳಿ "ನೀನು ಘಟ್ಟದ ಮೇಲಿನವಳೇ ಆದೆ" ಎನ್ನುತ್ತಾಳೆ. ಇಲ್ಲಿನವರಿಗೆ ನಾನು ಸಮುದ್ರದ ಕಡೆಯ ಡಾಕ್ಟರು. ಹಾಗೇ ಇರಲಿ ಎಂದುಕೊಳ್ಳುತ್ತೇನೆ. ಈಗಲೂ ಯಾರಾದರೂ ತಾಯಂದಿರು "ಬರ್ರಿ ಅಕ್ಕಾರ, ನಮ್ಮ ಮನ್ಯಾಗ ಎರಡು ರೊಟ್ಟಿ ಉಣ್ಣಬರ್ರಿ" ಎಂದು ಕೈಹಿಡಿದರೆ ಜೀವ ಎಳೆಯುತ್ತದೆ. ಆದರೆ ಹೊಸಿಲ ಹೊರಗೇ ನಿಂತು, "ಮೊದಲು ಬಾಯಿ ತೋರಿಸಿ, ಆಮೇಲೆ ಉಣ್ಣುತ್ತೇನೆ" ಎನ್ನುತ್ತೇನೆ.