ಉಪಗ್ರಹಕ್ಕೆ ಕಾಣದ ರಸ್ತೆ

ಬೆಂಗಳೂರು ನಮ್ಮ ಕಡೆಗೆ ಬೆಳೆಯುತ್ತಿದೆ ಎಂಬುದು ಆ ವರ್ಷಗಳಲ್ಲಿ ಮೈಸೂರು ರಸ್ತೆಯ ಬದಿ ಟೀ ಕುಡಿಯುವವರಿಗೆಲ್ಲ ಗೊತ್ತಿತ್ತು. ಸರ್ಕಾರ ಮಾತ್ರ ಅದನ್ನು ಆಕಾಶದಿಂದ ನೋಡಿ ಖಚಿತಪಡಿಸಿಕೊಳ್ಳಬೇಕಿತ್ತು. ಹಾಗಾಗಿ ಕಚೇರಿಯೊಂದು ಉಪಗ್ರಹ ಚಿತ್ರಗಳನ್ನು ತರಿಸಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಕ್ಷೆ ಮಾಡಿತು. ಪಟ್ಟಣ, ಕಾರ್ಖಾನೆಗಳಿಗೆ ಕೆಂಪು, ಹೊಲಕ್ಕೆ ಹಳದಿ, ರಸ್ತೆಗೆ ಕಪ್ಪು. ಮಾದರಿಯನ್ನು ಕರಾವಳಿಯ ಯಾವುದೋ ಯೋಜನೆಯಿಂದ ಎತ್ತಿಕೊಂಡಿದ್ದರಿಂದ ಬಣ್ಣಗಳ ವಿವರಣೆಯಲ್ಲಿ ಕಡಲತೀರವೂ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡೂ ಉಳಿದುಕೊಂಡಿದ್ದವು. ಮಾಗಡಿಯಲ್ಲಿ ಸಮುದ್ರ ಪತ್ತೆಯಾಗಲಿಲ್ಲ. ಅಷ್ಟರ ಮಟ್ಟಿಗೆ ನಕ್ಷೆ ನಿಖರವಾಗಿತ್ತು. ಪತ್ರಿಕೆಯ ವರದಿಗಾರನಾಗಿ ಅದರ ಬಿಡುಗಡೆಯ ಸುದ್ದಿ ಬರೆದವನು ನಾನೇ.

ಮಾಗಡಿ ಹತ್ತಿರದ ಕಲ್ಯದ ಆಚೆಗಿನ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಅವಳ ಮಗಳು ಹತ್ತನೇ ತರಗತಿಯಲ್ಲಿದ್ದಳು. ಜೂನ್‌ನಲ್ಲಿ ಮಾಗಡಿಯ ಕಾಲೇಜಿಗೆ ಹೋಗಬೇಕೆಂದರೆ ಊರಿಗೆ ಬಸ್ಸು ಬರಬೇಕು. ಬರದಿದ್ದರೆ ಓದಿದ್ದು ಸಾಕು ಎಂದು ಚಿಕ್ಕಪ್ಪ ಹೇಳಿಯಾಗಿತ್ತು. ಬಸ್ಸಿಗಾಗಿ ಹಾಕಿದ್ದ ಅರ್ಜಿ ತಿರುಗಿ ಬಂತು. ಹೊಸ ನಕ್ಷೆಯ ಪ್ರಕಾರ ಆ ಊರಿಗೆ ರಸ್ತೆಯೇ ಇರಲಿಲ್ಲ. ಆದರೆ ಆ ರಸ್ತೆಗೆ ಡಾಂಬರು ಹಾಕಿಸಿದ್ದವರು ಉದ್ಘಾಟನೆಯ ಹಾರ ಹಾಕಿಸಿಕೊಂಡದ್ದು ಊರಿಗೆಲ್ಲ ನೆನಪಿತ್ತು.

ಕಚೇರಿಯಲ್ಲಿ ವಿಚಾರಿಸಿದೆ. ಮೋಡವಿಲ್ಲದ ತಿಂಗಳೆಂದು ಹಿಂದಿನ ವರ್ಷದ ಜನವರಿಯ ಚಿತ್ರ ಆರಿಸಿಕೊಂಡಿದ್ದರಂತೆ. ಮೋಡವಿಲ್ಲವೆಂದೇ ನಮ್ಮವರು ರಾಗಿ ಒಕ್ಕಣೆ ಮಾಡುವುದೂ ಆಗಲೇ. ಡಾಂಬರು ಬಂದ ಮೇಲೆ ಕಣ ಮಾಡಿ ಸಗಣಿ ಸಾರಿಸುವ ಕಷ್ಟ ಯಾರಿಗೆ ಬೇಕು? ತೆನೆಯನ್ನು ರಸ್ತೆಗೆ ಹರಡಿದರೆ ಕಲ್ಲಿನ ಲಾರಿಗಳು ಪುಕ್ಕಟೆಯಾಗಿ ತುಳಿದುಕೊಡುತ್ತವೆ. ಊರಿನುದ್ದಕ್ಕೂ ರಸ್ತೆ ಹುಲ್ಲಿನಡಿ ಮಲಗಿದ್ದಾಗ ಉಪಗ್ರಹ ಹಾದುಹೋಗಿತ್ತು. ಕಂಪ್ಯೂಟರ್ ಅದನ್ನು ಕೊಯ್ದ ಹೊಲವೆಂದು ತಿಳಿದು ಹಳದಿ ಬಳಿದಿತ್ತು. ಎಲ್ಲರಿಗಿಂತ ಮೊದಲು ರಸ್ತೆಗೆ ತೆನೆ ಹರಡುವವಳು ಚಿಕ್ಕಮ್ಮ.

ವಿಷಯ ತಿಳಿಸಿದಾಗ ಅವಳು ಕೇಳಿದಳು, “ಮ್ಯಾಗ್ಲಿಂದ ನೋಡೋದು ಒಸಿ ಬಗ್ಗಿ ನೋಡ್ಬಾರ್ದಾ ಮಗ?”

“ಅದು ಬಗ್ಗೋದಿಲ್ಲ ಚಿಕ್ಕಮ್ಮ.”

“ಹಂಗಾರೆ ಬಗ್ಗೋರ್ನ ಯಾರ್ನಾರ ಕರ್ಕೊಂಬಾ.”

ಫೆಬ್ರವರಿಯಲ್ಲಿ ಆ ಕಚೇರಿಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಸ್ಥಳ ಪರಿಶೀಲನೆಗೆ ಬಂದರು. ರಾಗಿ ಮುಗಿದಿತ್ತು, ರಸ್ತೆಯ ಮೇಲೆ ಹುರುಳಿ ಬಿದ್ದಿತ್ತು. ಅವರು ಜೀಪಿನಲ್ಲೇ ಕೂತು ಕೈಯಲ್ಲಿದ್ದ ಜಾಗ ತೋರಿಸುವ ಯಂತ್ರವನ್ನೂ ನಕ್ಷೆಯನ್ನೂ ನೋಡಿ, “ನಕ್ಷೆ ಸರಿಯಾಗೇ ಇದೆ. ನಾವೀಗ ಹೊಲದಲ್ಲಿದ್ದೇವೆ” ಎಂದರು.

“ಹೊಲದಾಗೆ ಮೈಲಿಗಲ್ಲು ಯಾರು ನೆಡ್ತಾರೆ ಸ್ವಾಮಿ?” ಎಂದ ಚಿಕ್ಕಪ್ಪ.

“ಅದು ಚಿತ್ರದಲ್ಲಿ ಬಂದಿಲ್ಲವಲ್ಲ.”

ಚಿಕ್ಕಮ್ಮ ಪೊರಕೆ ಹಿಡಿದು ಬಂದಳು. ಗುಡಿಸುವ ಮೊದಲು ಡ್ರೈವರ್ ಕಡೆ ತಿರುಗಿ, “ಒಸಿ ಹಿಂದ್ಕೋಗಿ ಮುಂದ್ಕೆ ಬಾರಪ್ಪ, ಆ ಕಡೆದಿನ್ನೂ ಸರಿಯಾಗಿ ಉದುರಿಲ್ಲ” ಎಂದಳು. ಸರ್ಕಾರಿ ಜೀಪು ಹಿಂದಕ್ಕೂ ಮುಂದಕ್ಕೂ ಓಡಾಡಿ ಹುರುಳಿ ಒಕ್ಕಿಕೊಟ್ಟಿತು. ಆಮೇಲೆ ಅವಳು ಎಲ್ಲವನ್ನೂ ಬದಿಗೆ ತಳ್ಳಿ ಗುಡಿಸಿದಳು.

ಪಕ್ಕದ ಮನೆಯವಳು ಜಗಲಿಯಿಂದಲೇ, “ಏನಕ್ಕಾ, ನಮ್ದೂ ಗುಡಿಸ್ಬುಡ್ತೀಯಾ?” ಎಂದು ಕೆಣಕಿದಳು.

“ನಿಮ್ದು ನೀವೇ ಗುಡಿಸ್ಕಳಿ. ನನ್ ಮಗ್ಳ ಬಸ್ಸು ನಿಮ್ ಹುರುಳಿ ಕಾಯ್ಕಂಡ್ ನಿಂತ್ಕಳಾಕಿಲ್ಲ.”

ಕೊನೆಗೆ ಡಾಂಬರು ಕಂಡಿತು. ಅಧಿಕಾರಿ ಇಳಿದು ಅದನ್ನು ಬೂಟಿನಿಂದ ಕೆರೆದು ನೋಡಿದರು, ಕಪ್ಪಗಿದೆ ಎಂದು ಒಪ್ಪಿ ನಕ್ಷೆಯಲ್ಲೂ ಕಪ್ಪು ಗೆರೆ ಎಳೆದರು. ಹೀಗೆ ಬಾಹ್ಯಾಕಾಶ ತಂತ್ರಜ್ಞಾನದ ಕೊರತೆಯೊಂದನ್ನು ಪೊರಕೆ ನೀಗಿತು.

ಜೂನ್‌ನಲ್ಲಿ ಬಸ್ಸು ಬಂತು. ಹುಡುಗಿ ಕಾಲೇಜಿಗೆ ಸೇರಿದಳು.

ಮುಂದಿನ ಜನವರಿಯಲ್ಲಿ ನಾನು ಊರಿಗೆ ಹೋದಾಗ ರಸ್ತೆ ಮತ್ತೆ ಕಾಣೆಯಾಗಿತ್ತು. ಚಿಕ್ಕಮ್ಮ ಬಸ್ಸಿನ ಹೊತ್ತು ನೋಡಿಕೊಂಡು ರಾಗಿ ಹರಡುತ್ತಿದ್ದಳು. ಬಸ್ಸು ಅದರ ಮೇಲೆ ಹಾದು ಬಂತು, ಕಿಟಕಿಯ ಪಕ್ಕ ಮಗಳು ಕೂತಿದ್ದಳು. ಕಚೇರಿಯವರು ಈ ತಿಂಗಳೇ ಮತ್ತೆ ಚಿತ್ರ ತರಿಸುತ್ತಾರೆ, ನಕ್ಷೆಯಿಂದ ರಸ್ತೆ ಇನ್ನೊಮ್ಮೆ ಹೋಗುತ್ತದೆ ಎಂದು ನಾನು ಎಚ್ಚರಿಸಿದೆ.

“ಹೋಗ್ಲಿ ಬುಡು” ಎಂದಳು ಅವಳು, ಹುಲ್ಲು ಮಗುಚುತ್ತ. “ಡ್ರೈವರ್‌ಗೆ ದಾರಿ ಗೊತ್ತೈತೆ.”