ಟಿವಿಯ ಬ್ರೌಸರಿನ ಜೊತೆ ವೈಜಯಂತಿಯ ಜಗಳ

ಜನವರಿಯ ಒಂದು ಬೆಳಿಗ್ಗೆ. ಫರೀದಾಬಾದಿನ ಈ ಮೂರನೆಯ ಮಹಡಿಯ ಮನೆಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ವೈಜಯಂತಿ ಟಿವಿಯೆದುರು ನಿಂತು ರಿಮೋಟಿನ ಬಾಣದ ಗುಂಡಿ ಒತ್ತುತ್ತಿದ್ದಾರೆ. ವೆಬ್‌ಸೈಟಿನ ಹೆಸರನ್ನು ಪರದೆಯ ಮೇಲೆ ಒಂದೊಂದೇ ಅಕ್ಷರ ಹೆಕ್ಕಿ ಬರೆಯಬೇಕು. ಕೊನೆಯ ಅಕ್ಷರದಲ್ಲಿ ಕೈತಪ್ಪಿ, ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅವರು ಹಲ್ಲು ಕಚ್ಚಿ ಮೊದಲಿನಿಂದ ಶುರುಮಾಡುತ್ತಾರೆ.

ಹಿಂದೆ ಗಾಲಿಕುರ್ಚಿಯಲ್ಲಿ ಯಶವಂತ್ ಕಾಯುತ್ತಿದ್ದಾರೆ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದವರು. ಕಳೆದ ವರ್ಷ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಹಿಂದಿಯಲ್ಲಿ ಮಾತಾಡಿಸಿದರೆ ಸುಮ್ಮನೆ ನೋಡುತ್ತಾರೆ, ತಾಯ್ನುಡಿ ಕನ್ನಡ ಕೇಳಿದರೆ ತುಟಿ ಅಲುಗುತ್ತದೆ. ಅದಕ್ಕೇ ಮಗಳು ಹರ್ಷಿಣಿ ಕನ್ನಡ ಬಲ್ಲ ಆರೈಕೆಯವರನ್ನು ಹುಡುಕಿದ್ದು. ಗದಗದಿಂದ ಚಾಲಕ ಗಂಡನೊಂದಿಗೆ ಬಂದು ಇಲ್ಲಿ ನೆಲೆಸಿದ ವೈಜಯಂತಿ ಸಿಕ್ಕಿದ್ದು ಹಾಗೆ.

ಮಾತು ಕಲಿಸುವ ವಿಡಿಯೊಗಳನ್ನು ಮೈಸೂರಿನ ಚಿಕಿತ್ಸಕಿಯೊಬ್ಬರು ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಫೋನಿನ ಪರದೆ ಯಶವಂತರ ಮಂದವಾದ ಕಣ್ಣಿಗೆ ಸಾಲದು. ಉಳಿದದ್ದು ಟಿವಿಯ ಬ್ರೌಸರ್. ಅದರಲ್ಲಿ ಒಂದು ದಿನ ದನಿ ಬಂದರೆ ಚಿತ್ರವಿಲ್ಲ, ಇನ್ನೊಂದು ದಿನ ಚಿತ್ರ ಮೂಲೆಯಲ್ಲಿ ಅಂಗೈಯಷ್ಟು. ಚಿಕಿತ್ಸಕಿ ‘ನೀರು’ ಎನ್ನಲು ಬಾಯಿ ತೆರೆದ ಹೊತ್ತಿಗೇ ವಿಡಿಯೊ ನಿಂತು ಪರದೆಯಲ್ಲಿ ಚಕ್ರ ತಿರುಗತೊಡಗುತ್ತದೆ.

‘ಈ ಟಿವಿಗೆ ಸ್ಮಾರ್ಟ್ ಅಂತ ಹೆಸರಿಟ್ಟೋರು ಯಾರೋ. ಅಂಕಲ್ ಬಾಯಿ ತೆಗೆದು ಕಾಯ್ತಾ ಕೂತಿರ್ತಾರೆ. ನಂಗೆ ಸಿಟ್ಟು ಬರೋದು ಅದಕ್ಕೇ,’ ಎನ್ನುತ್ತಾರೆ ವೈಜಯಂತಿ.

ಇದು ಅವರ ಕೆಲಸವೇ ಅಲ್ಲ. ಸ್ನಾನ, ಊಟ, ಮಾತ್ರೆ ನೋಡಿಕೊಂಡರೆ ಸಾಕು, ಟಿವಿ ತಂಟೆ ಬೇಡ ಎಂದು ಅವರನ್ನು ಕಳಿಸಿದ ಏಜೆನ್ಸಿಯವರು ಹೇಳಿದ್ದುಂಟು. ಗುರುಗ್ರಾಮದ ಕಚೇರಿಗೆ ಬೇಗನೆ ಹೊರಡುವ ಹರ್ಷಿಣಿ, ಇಂಟರ್ನೆಟ್ ವಿಡಿಯೊ ನೋಡಲು ಟಿವಿಗೆ ಜೋಡಿಸುವ ಹೊಸ ಪೆಟ್ಟಿಗೆಯನ್ನು ಭಾನುವಾರ ತರುತ್ತೇನೆ ಎನ್ನುತ್ತಲೇ ಇದ್ದರು. ಭಾನುವಾರಗಳು ಕಳೆದವು.

ಫೆಬ್ರವರಿಯಲ್ಲೊಂದು ಬೆಳಿಗ್ಗೆ, ಈ ಬ್ರೌಸರ್ ಹಳೆಯದಾಯಿತು, ಇದರಲ್ಲಿ ವಿಡಿಯೊ ನಡೆಯುವುದಿಲ್ಲ ಎಂಬ ಸಾಲು ಪರದೆ ಮೇಲೆ ಬಂತು. ಟಿವಿ ಆರಿಸಿ ಮತ್ತೆ ಹಚ್ಚಿದರೂ ಅದೇ ಸಾಲು. ವೈಜಯಂತಿ ರಿಮೋಟನ್ನು ಸೋಫಾಕ್ಕೆ ಎಸೆದು, ಕುರ್ಚಿ ಎಳೆದು ಯಶವಂತರ ಮುಖಕ್ಕೆ ಮುಖ ಕೊಟ್ಟು ಕೂತರು. ವಿಡಿಯೊ ನಿಂತಾಗಲೆಲ್ಲ ಮತ್ತೆ ಮತ್ತೆ ಹಾಕಿ ನೋಡಿದ ಪಾಠ ಅವರಿಗೇ ಬಾಯಿಪಾಠವಾಗಿತ್ತು. ತುಟಿ ಅಗಲಿಸಿ ‘ನೀರು’ ಎಂದರು. ತುಟಿ ಮುಂದೆ ಮಾಡಿ ‘ಊಟ’ ಎಂದರು. ಯಶವಂತರ ಕಣ್ಣು ಅವರ ಬಾಯಿಯನ್ನು ಬಿಟ್ಟು ಕದಲಲಿಲ್ಲ.

ಕೆಲವು ದಿನ ಹೀಗೇ ನಡೆಯಿತು. ಆದರೂ ದಿನವೂ ಮೊದಲು ಟಿವಿ ಹಚ್ಚಿ ನೋಡುವುದನ್ನು ಅವರು ಬಿಟ್ಟಿರಲಿಲ್ಲ. ಅಂಥ ಒಂದು ಬೆಳಿಗ್ಗೆ, ವಿಳಾಸ ಅರ್ಧ ಬರೆದಿರುವಾಗ ಹಿಂದಿನಿಂದ ಒರಟು ದನಿ ಕೇಳಿತು.

‘ಸಾಕು. ಆರಿಸು.’

ಯಾರೋ ಒಳಗೆ ಬಂದರೆಂದು ವೈಜಯಂತಿ ಬಾಗಿಲ ಕಡೆ ತಿರುಗಿದರಂತೆ. ಬಾಗಿಲು ಮುಚ್ಚಿತ್ತು. ಯಶವಂತ್ ಸಿಡುಕು ಮೋರೆಯಿಂದ ಟಿವಿಯನ್ನೇ ನೋಡುತ್ತಿದ್ದರು. ವೈಜಯಂತಿಯ ಫೋನ್ ಬಂದಾಗ ಹರ್ಷಿಣಿ ಮೆಟ್ರೊದಲ್ಲಿದ್ದರು. ಮುಂದಿನ ನಿಲ್ದಾಣದಲ್ಲೇ ಇಳಿದು, ಇನ್ನೊಮ್ಮೆ ಹೇಳಪ್ಪಾ ಎಂದು ಬೇಡಿಕೊಂಡರು. ಅಪ್ಪ ಹೇಳಲಿಲ್ಲ. ಅವರಿಗೆ ಹೇಳಬೇಕಾದ್ದು ಮುಗಿದಿತ್ತು.

ಹೊಸ ಪೆಟ್ಟಿಗೆ ಮೊನ್ನೆಯಷ್ಟೇ ಬಂದಿದೆ. ಮೂರನೆಯ ಪಾಠದಿಂದ ಮುಂದಿನವನ್ನು ವೈಜಯಂತಿ ಇನ್ನೂ ನೋಡಿಲ್ಲವಾದ್ದರಿಂದ ಅದೂ ಬೇಕು. ಪೆಟ್ಟಿಗೆಯದ್ದೂ ಬೇರೆಯೇ ತಕರಾರು, ಪಾಠದ ನಡುವೆ ಪ್ರೆಷರ್ ಕುಕ್ಕರಿನ ಜಾಹೀರಾತು ನುಗ್ಗುತ್ತದೆ. ಆದರೆ ಎದುರು ಕೂತು ಹೇಳಿಕೊಡುವುದನ್ನು ನಿಲ್ಲಿಸಬೇಡಿ ಎಂದು ಚಿಕಿತ್ಸಕಿ ಫೋನಿನಲ್ಲಿ ತಾಕೀತು ಮಾಡಿದ್ದಾರೆ.

ಇವರನ್ನು ಕಾಣಲು ಬಂದ ನಾನು, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಯಶವಂತರ ಬಾಯಿಯಂಚಿನ ಗಂಜಿ ಒರೆಸುತ್ತಾ ವೈಜಯಂತಿ ಹೇಳಿದರು:

‘ನನ್ನ ಹೆಸರು ಹೇಳೋಕೆ ನೋಡ್ತಾರೆ. ಜಯಂತಿ ಅಂತಾರೆ. “ವೈ” ಇನ್ನೂ ಬಂದಿಲ್ಲ. ಅದೂ ಬರುತ್ತೆ.’